ಬಸ್ಸಿಗೆ ಒಂದು ಕ್ಯಾನ್ ನೀರು

ಬೆಳಗ್ಗೆ ಐದೂವರೆಗೆ ಭವಿತಾ ಅಡುಗೆಮನೆಯಲ್ಲಿ ನಿಂತು ಮಾತ್ರೆಯನ್ನು ಅಂಗೈಗೆ ಹಾಕಿಕೊಳ್ಳುತ್ತಿದ್ದಳು. ಬಿಳಿಯ ಸಣ್ಣ ಮಾತ್ರೆ, ನಡುವೆ ಒಂದು ಗೀರು. ಇನ್ನೊಂದು ಕೈಯಲ್ಲಿ ನೀರಿನ ಲೋಟ. ಒಮ್ಮೆ ಗಡಿಯಾರ ನೋಡುವಳು, ಒಮ್ಮೆ ಬಾಗಿಲ ಹಿಂದೆ ತೂಗುವ ಖಾಕಿ ಅಂಗಿಯನ್ನು ನೋಡುವಳು. ಆಮೇಲೆ ಲೋಟದ ನೀರನ್ನು ಹಾಗೆಯೇ ಚೆಲ್ಲಿ, ಮೇಲಿನ ಹಲಗೆಯಲ್ಲಿದ್ದ ಹಳೆಯ ಕಾಫಿಪುಡಿ ಡಬ್ಬಿಯನ್ನು ತೆಗೆದು ಮಾತ್ರೆಯನ್ನು ಅದರೊಳಗೆ ಹಾಕಿಬಿಡುವಳು. ಟಣ್ ಎಂದು ಸಣ್ಣ ಸದ್ದು. ಪಕ್ಕದ ಕೋಣೆಯಲ್ಲಿ ಮಲಗಿದ ಮಗಳು ಅಪೇಕ್ಷಾಳಿಗೆ ಕೇಳಿತೇನೋ ಎಂದು ಒಂದು ಕ್ಷಣ ಕಿವಿಗೊಟ್ಟು ನಿಲ್ಲುವಳು.

ಭವಿತಾ ಪುತ್ತೂರು–ಸಂಪಾಜೆ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತೊಂದು, ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ಗಂಡ ಜಯಪ್ರಕಾಶ್ ನೆಲ್ಯಾಡಿಯ ಒಬ್ಬ ರಬ್ಬರ್ ವ್ಯಾಪಾರಿಯ ಪಿಕಪ್ ಓಡಿಸುತ್ತಿದ್ದ, ಮನೆಗೆ ಬರುವುದು ಭಾನುವಾರ ಮಾತ್ರ. ಚಿಕ್ಕಂದಿನಲ್ಲಿ ಬಂದು ಹೋದ ಕೀಲುಜ್ವರ ಅವಳ ಹೃದಯದ ಒಂದು ಕವಾಟವನ್ನು ಕಿರಿದು ಮಾಡಿ ಹೋಗಿತ್ತು. ಅದು ಗೊತ್ತಾದದ್ದು ಈಗ ನಾಲ್ಕು ತಿಂಗಳ ಹಿಂದೆ. ಕವಾಟ ಕಿರಿದಾದ ಕಾರಣ ರಕ್ತ ಹಿಂದೆ ನಿಲ್ಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕಾಲು ಬಾಯುತ್ತದೆ ಎಂದು ಪುತ್ತೂರಿನ ಡಾಕ್ಟರು ಕಾಗದದಲ್ಲಿ ಚಿತ್ರ ಬರೆದು ತೋರಿಸಿದ್ದರು.

"ಮಂಗಳೂರಿನಲ್ಲಿ ಬಲೂನ್ ಹಾಕಿ ಕವಾಟ ಬಿಡಿಸ್ತಾರೆ. ಫೆಬ್ರವರಿ ಹದಿನೆಂಟಕ್ಕೆ ದಿನ ಕೊಟ್ಟಿದ್ದಾರೆ" ಎಂದು ಜನವರಿಯ ಮೊದಲಲ್ಲಿ ಹೇಳಿದ್ದರು. "ಅಷ್ಟರವರೆಗೆ ಈ ನೀರಿನ ಮಾತ್ರೆ. ಬೆಳಿಗ್ಗೆ ತಗೊಳ್ಳಿ. ಮೂರು ನಾಲ್ಕು ಗಂಟೆ ಮೂತ್ರಕ್ಕೆ ಹೋಗ್ತಾನೇ ಇರ್ಬೇಕಾಗ್ತದೆ. ಹೋಗ್ಲಿ, ಅದೇ ಬೇಕಾದ್ದು."

ಅದೇ ಬೇಕಾದ್ದು. ಆದರೆ ಬಸ್ಸು ಪುತ್ತೂರು ಬಿಡುವುದು ಆರು ನಲವತ್ತಕ್ಕೆ, ಸುಳ್ಯ ಸೇರುವುದು ಎಂಟು ಹತ್ತಕ್ಕೆ. ನಡುವೆ ಬೆಳ್ಳಾರೆಯಲ್ಲಿ ನಿಲ್ಲುವುದು ಎರಡು ನಿಮಿಷ, ಆ ಎರಡು ನಿಮಿಷದಲ್ಲಿ ನಲವತ್ತು ಜನ ಹತ್ತುತ್ತಾರೆ. ಗಂಡಸರಾದರೆ ಯಾವುದಾದರೂ ರಬ್ಬರ್ ಮರದ ಮರೆ ಸಾಕು. ಕಂಡಕ್ಟರ್ ಹೆಂಗಸು ಕೆಳಗಿಳಿದು ಎಲ್ಲಿಗೆ ಹೋಗಬೇಕು?

ಸಂಜೆ ತೆಗೆದುಕೊಂಡು ನೋಡಿದಳು. ಎರಡನೇ ಟ್ರಿಪ್ ಮುಗಿಸಿ ಮನೆ ಸೇರುವಾಗ ಏಳೂವರೆ. ಒಂದು ವಾರ ನಿದ್ದೆಯೇ ಇಲ್ಲ. ಹಗಲು ಕಂಬ ಹಿಡಿದುಕೊಂಡೇ ತೂಕಡಿಸಿ, ಅರಂತೋಡಿಗೆ ಕೇಳಿದವರಿಗೆ ಐವರ್ನಾಡಿನ ಟಿಕೆಟ್ ಹರಿದುಕೊಟ್ಟಳು. ರಜೆ ಹಾಕೋಣವೆಂದರೆ, ಅತ್ತೆ ಸೊಂಟ ಮುರಿದುಕೊಂಡಾಗ ರಜೆಯೆಲ್ಲ ಖರ್ಚಾಗಿ ಹತ್ತು ದಿನ ಮಾತ್ರ ಉಳಿದಿತ್ತು. ಅದು ಮಂಗಳೂರಿಗೆ ಬೇಕು. ಡಿಪೋದಲ್ಲಿ ಹೇಳೋಣವೆಂದರೆ, ಹೃದಯದ ಕಾಯಿಲೆಯವಳು ಎಂದು ಒಮ್ಮೆ ಬರೆದರೆ ಮತ್ತೆ ಬಸ್ಸು ಹತ್ತಿಸುತ್ತಾರೆಯೇ? ಹೀಗೆ ಯೋಚಿಸಿ ಯೋಚಿಸಿ, ಕೊನೆಗೆ ವಾರದ ರಜೆಯ ದಿನ ಮಾತ್ರ ಮಾತ್ರೆ ನುಂಗುವುದು, ಉಳಿದ ದಿನ ಡಬ್ಬಿಗೆ ಹಾಕುವುದು ಎಂದಾಯಿತು.

ಜನವರಿಯ ಕೊನೆಗೆ ಡಾಕ್ಟರು ಅವಳ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಹಿಟ್ಟಿನ ಉಂಡೆಯಲ್ಲಿ ಆಗುವ ಹಾಗೆ ಗುಂಡಿ ಹಾಗೆಯೇ ಉಳಿಯಿತು.

"ಮಾತ್ರೆ ಸರಿಯಾಗಿ ತಗೊಳ್ತಾ ಇದ್ದೀರಲ್ಲ?"

"ಹೌದು ಡಾಕ್ಟ್ರೆ."

"ಮಲಗುವಾಗ ಎಷ್ಟು ತಲೆದಿಂಬು?"

"ಮೂರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಿ, ಬಲೂನ್ ಹಾಕುವಾಗ ಒಂದು ಗಂಟೆ ಚಪ್ಪಟೆಯಾಗಿ ಮಲಗ್ಬೇಕು. ಹೀಗೆ ಮೂರು ದಿಂಬಿನಲ್ಲಿ ಕೂತು ಮಲಗುವವರನ್ನು ಅವರು ಮುಟ್ಟುದಿಲ್ಲ, ವಾಪಸು ಕಳಿಸ್ತಾರೆ. ಇನ್ನೊಂದು ದಿನ ಸಿಗ್ಲಿಕ್ಕೆ ಎರಡು ಮೂರು ತಿಂಗಳು. ನಿಮ್ಮ ಹತ್ತಿರ ಅಷ್ಟು ಸಮಯ ಉಂಟು ಅಂತ ನನಗೆ ಹೇಳ್ಲಿಕ್ಕೆ ಆಗುದಿಲ್ಲ." ಎಂದವರೇ ಚೀಟಿಯಲ್ಲಿ ಒಂದು ಮಾತ್ರೆ ಇದ್ದಲ್ಲಿ ಎರಡು ಎಂದು ಬರೆದರು.

ಮನೆಗೆ ಬಂದಾಗ ಅಪೇಕ್ಷಾ ಅಡುಗೆಮನೆಯ ಮೇಜಿನ ಮೇಲೆ ಮಾತ್ರೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಕಾಫಿಪುಡಿ ಹುಡುಕಲು ಹೋಗಿ ಡಬ್ಬಿ ಸಿಕ್ಕಿತ್ತು. ಪಿಯುಸಿಯಲ್ಲಿ ವಿಜ್ಞಾನ ಓದುವ ಹುಡುಗಿ. ಕೂಗಾಡಲಿಲ್ಲ.

"ಅಮ್ಮ, ಇದು ಹದಿನೇಳು ಉಂಟು."

ಭವಿತಾ ಚಪ್ಪಲಿ ಬಿಚ್ಚಿ ಅಲ್ಲೇ ಕೂತಳು. ಪಾದದ ಮೇಲೆ ಚಪ್ಪಲಿಯ ಪಟ್ಟಿಯ ಅಚ್ಚು ಆಳವಾಗಿ ಮೂಡಿತ್ತು.

"ಹದಿನೆಂಟನೇ ತಾರೀಕಿಗೆ ನಿನ್ನನ್ನು ವಾಪಸು ಕಳಿಸಿದ್ರೆ ನಾನು ಎಂತ ಮಾಡುದು?" ಎಂದಳು ಮಗಳು. ಅಷ್ಟೇ ಕೇಳಿದ್ದು. ಮತ್ತೆ ಮಾತ್ರೆಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ತುಂಬಿ, ತಾಯಿಯ ಕಾಲಿನ ಕೆಳಗೆ ಒಂದು ಮಣೆ ತಂದು ಇಟ್ಟಳು.

ಮರುದಿನ ಭವಿತಾ ಎರಡು ಮಾತ್ರೆಯನ್ನೂ ನುಂಗಿದಳು. ಆದರೆ ಹೆದರಿಕೆಗೆ ಒಂದು ಉಪಾಯ ಮಾಡಿದ್ದಳು. ದಾರಿಯ ಮೇಲೆ ದುಡಿಯುವ ಹೆಂಗಸರಿಗೆಲ್ಲ ಗೊತ್ತಿರುವ ಉಪಾಯವದು: ಕೆಲಸ ಮುಗಿಯುವವರೆಗೆ ಬಾಯಿಗೆ ನೀರು ಹಾಕದಿರುವುದು. ಒಂಬತ್ತು ವರ್ಷ ಅವಳು ಹಾಗೆಯೇ ಬದುಕಿದವಳು. ಹಿಂದಿನ ಸಂಜೆಯಿಂದಲೇ ನೀರು ಬಿಟ್ಟಳು, ಬೆಳಗಿನ ಚಹಾವನ್ನೂ ಬಿಟ್ಟಳು. ಮಾತ್ರೆ ನುಂಗಲು ಬೇಕಾದ ಒಂದು ಗುಟುಕು ಮಾತ್ರ. ಒಳಗೆ ನೀರು ಇದ್ದರಲ್ಲವೇ ಹೊರಗೆ ಬರುವುದು ಎಂದುಕೊಂಡಿದ್ದಳು. ಆ ಮಾತ್ರೆ ಕುಡಿದ ನೀರಿಗೆ ಕಾಯುವುದಿಲ್ಲ, ರಕ್ತದಿಂದಲೇ ಹಿಂಡಿ ತೆಗೆಯುತ್ತದೆ ಎಂಬುದು ಅವಳಿಗೆ ಯಾರು ಹೇಳಬೇಕು?

ಮನೆಯಲ್ಲಿ ಎರಡು ಸಲ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಲ ಹೋಗಿ ಬಂದು ರೈಟ್ ಹೇಳಿದಳು. ಕುಂಬ್ರ ದಾಟುವಾಗ ಕೆಳಹೊಟ್ಟೆ ಭಾರವಾಯಿತು. ಬೆಳ್ಳಾರೆಗೆ ಬರುವಾಗ ಅದು ಭಾರವಾಗಿ ಉಳಿಯದೆ ಉರಿಯಾಗಿತ್ತು. ಬಸ್ಸು ತುಂಬಿತು, ಕಾಲೇಜಿನ ಮಕ್ಕಳು, ಆಧಾರ್ ಕಾರ್ಡು ಹಿಡಿದ ಹೆಂಗಸರು. ಎದುರಿನ ಸೀಟಿನಲ್ಲಿ ಯಾವಾಗಿನ ಹಾಗೆ ದುಗ್ಗಮ್ಮ, ಸುಳ್ಯ ಪೇಟೆಗೆ ತೊಂಡೆಕಾಯಿ, ಬಸಳೆ ಮಾರಲು ಹೋಗುವ ಮುದುಕಿ, ಬುಟ್ಟಿಯನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತರು.

"ಎಂತ ಕಂಡಕ್ಟ್ರಮ್ಮ, ಮುಖ ಬೆಳ್ಳಗೆ ಕಾಣ್ತದೆ? ತಿಂಡಿ ತಿಂದಿದ್ದೀಯಾ?"

"ತಿಂದಿದ್ದೇನೆ ದುಗ್ಗಮ್ಮ." ನಾಲಿಗೆ ಅಂಗುಳಿಗೆ ಅಂಟಿ ಮಾತು ತೊದಲಿತು.

ಒಂದು ಕಡೆ ಬಾಯಿ ಒಣಗಿ ಮರದ ತೊಗಟೆಯಂತಾಗಿತ್ತು. ಇನ್ನೊಂದು ಕಡೆ, ಪ್ರತಿ ಹೊಂಡಕ್ಕೆ ಬಸ್ಸು ಕುಕ್ಕುವಾಗ, ಈಗ ಆಗಿಹೋಯಿತು, ಇಷ್ಟು ಜನರ ಎದುರು ಖಾಕಿ ಬಟ್ಟೆಯಲ್ಲಿ ಆಗಿಹೋಯಿತು ಎನಿಸುತ್ತಿತ್ತು. ಚರ್ಮದ ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದಳು. ದಾರಿಯ ಕರೆಂಟು ಕಂಬಗಳನ್ನು ಎಣಿಸಿದಳು. ಇನ್ನು ಹತ್ತು ಕಂಬ, ಇನ್ನು ಹತ್ತು. ಐವರ್ನಾಡಿನ ಹತ್ತಿರ ಟಿಕೆಟ್ ಮೆಷಿನ್ ಒತ್ತುತ್ತಿದ್ದ ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ಒಳಗೆ ಮಡಚಿಕೊಂಡವು. ಬಿಡಿಸಹೋದರೆ ಬಿಡಿಸಲಾಗದು. ಕಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಯಿತು. ಕಣ್ಣಿಗೆ ಕತ್ತಲೆ ಬಂತು. ಅವಳು ಡ್ರೈವರ್ ಸೀಟಿನ ಹಿಂದಿನ ಸರಳನ್ನು ತಬ್ಬಿ ನಿಂತಳು.

ಡ್ರೈವರ್ ಇಮ್ತಿಯಾಝ್ ಮೇಲಿನ ಕನ್ನಡಿಯಲ್ಲಿ ನೋಡಿದ. ಅವಳಿಗಿಂತ ಹತ್ತು ವರ್ಷ ದೊಡ್ಡವನು, ಮೂರು ಹೆಣ್ಣುಮಕ್ಕಳ ತಂದೆ. ಹೆಚ್ಚು ಮಾತಿನವನಲ್ಲ. ಐವರ್ನಾಡು ದಾಟಿದ ಮೇಲಿನ ತಿರುವಿನಲ್ಲಿ ಹಸಿರು ಗೇಟಿನ ಒಂದು ಮನೆ ಇದೆ. ಅದರೆದುರು ಬಸ್ಸನ್ನು ಬದಿಗೆ ತಂದು ನಿಲ್ಲಿಸಿ ಎಂಜಿನ್ ಬಂದ್ ಮಾಡಿದ.

"ಎಂತಾಯ್ತು?" ಎಂದು ಹಿಂದಿನಿಂದ ಕೂಗು.

"ಎಂಜಿನ್ ಬಿಸಿ ಆಗಿದೆ ಮಾರಾಯ್ರೆ. ನೀರು ಹಾಕ್ಬೇಕು." ಸೀಟಿನ ಅಡಿಯಿಂದ ಖಾಲಿ ಕ್ಯಾನ್ ತೆಗೆದು ಭವಿತಾಳ ಕೈಗೆ ಕೊಟ್ಟ. "ಭವಿತಕ್ಕ, ನಾನು ಬಾನೆಟ್ ತೆಗೀತೇನೆ. ನೀವು ಆ ಮನೆಯಿಂದ ಒಂದು ಕ್ಯಾನ್ ನೀರು ತನ್ನಿ. ನಿಧಾನಕ್ಕೆ ಬನ್ನಿ, ಅವಸರ ಇಲ್ಲ."

ಆ ಮನೆಯ ಸುಹರಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು, ಗೇಟು ತಳ್ಳಿಕೊಂಡು ಬಾಗಿ ಬಾಗಿ ಬರುತ್ತಿದ್ದ ಹೆಂಗಸಿನ ಮುಖ ನೋಡಿದಳು. ನೀರು ಬೇಕಾ ಎಂದು ಕೇಳಲಿಲ್ಲ. ಕ್ಯಾನನ್ನು ತಾನೇ ತೆಗೆದುಕೊಂಡು, "ಅಲ್ಲಿ, ಬಲಗಡೆ. ಚಿಲಕ ಸ್ವಲ್ಪ ಬಿಗಿ, ಎತ್ತಿ ಹಾಕಿ" ಎಂದಳು.

ಹೊರಗೆ ಬಂದಾಗ ಕ್ಯಾನ್ ತುಂಬಿ ಮೆಟ್ಟಿಲ ಮೇಲಿತ್ತು. ಪಕ್ಕದಲ್ಲಿ ಒಂದು ಲೋಟ ನೀರು, ಉಪ್ಪು ಸಕ್ಕರೆ ಕದಡಿದ್ದು. ಭವಿತಾ ಬೇಡ ಎಂದು ತಲೆಯಾಡಿಸಿದಳು.

"ನಿಮ್ಮ ಬೆರಳು ನೋಡಿ ಅಕ್ಕ" ಎಂದಳು ಸುಹರಾ. "ಕುಡೀರಿ. ನಾಳೆ ಕೂಡ ಈ ಮನೆ ಇಲ್ಲೇ ಇರ್ತದೆ."

ಸುಳ್ಯ ಬಸ್‌ಸ್ಟ್ಯಾಂಡಿನಿಂದಲೇ ಭವಿತಾ ಡಾಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು, ಹದಿನೇಳು ಮಾತ್ರೆಯ ಡಬ್ಬಿಯನ್ನೂ. "ಮೊದಲೇ ಹೇಳಿದ್ರೆ ನಾನು ಎರಡು ಮಾಡ್ತಿರ್ಲಿಲ್ಲವಲ್ಲ" ಎಂದರು ಡಾಕ್ಟರು, ಬೇಸರಕ್ಕಿಂತ ಹೆಚ್ಚು ಗಾಬರಿಯಲ್ಲಿ. ಇನ್ನು ಒಂದೇ ಮಾತ್ರೆ. ಆದರೆ ದಿನವೂ, ಒಂದೂ ತಪ್ಪದ ಹಾಗೆ. ನೀರು ದಿನಕ್ಕೆ ಒಂದೂಕಾಲು ಲೀಟರ್ ಅಳೆದು ಕುಡಿಯಬೇಕು, ಹೆಚ್ಚೂ ಬೇಡ, ಉಪವಾಸವೂ ಬೇಡ. ಸಂಜೆಯೇ ರಕ್ತ ಪರೀಕ್ಷೆಗೆ ಕೊಡಬೇಕು. ತಲೆ ತಿರುಗಿದರೆ ಕೂಡಲೇ ಬರಬೇಕು.

ಹೀಗೆ ಶುರುವಾಯಿತು ಬಸ್ಸಿಗೆ ನೀರು ಹಾಕುವ ಕೆಲಸ. ದಿನವೂ ಏಳು ಐವತ್ತೈದಕ್ಕೆ ಹಸಿರು ಗೇಟಿನೆದುರು ಎಂಜಿನ್ ಬಿಸಿಯಾಗುತ್ತಿತ್ತು. ಇಮ್ತಿಯಾಝ್ ಬಾನೆಟ್ ತೆರೆದು, ಅದರೊಳಗೆ ತಲೆ ಹಾಕಿ, ಬೇಕಾದ್ದಕ್ಕೂ ಬೇಡದ್ದಕ್ಕೂ ಕೈ ತಾಗಿಸುತ್ತಿದ್ದ. ಅವಳಲ್ಲಿ ಕಾರಣ ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಮೂರನೇ ದಿನ ಸುಹರಾಳ ಬಚ್ಚಲುಮನೆಯ ಮೊಳೆಯಲ್ಲಿ ಒಗೆದ ಒಂದು ಟವೆಲು ತೂಗುತ್ತಿತ್ತು. ಐದನೇ ದಿನ ಬಾಗಿಲಿಗೆ ಹೊಸ ಚಿಲಕ ಬಂದಿತ್ತು.

ಬಸ್ಸಿನಲ್ಲಿ ಮಾತ್ರ ಗೊಣಗಾಟ ಹೆಚ್ಚಿತು.

"ಇದಕ್ಕೆ ಎಂತ ಮಾರಾಯ್ರೆ, ಸಕ್ಕರೆ ಕಾಯಿಲೆಯಾ? ಎಷ್ಟು ಕುಡಿದ್ರೂ ಸಾಕಾಗುದಿಲ್ಲ!"

"ಡ್ರೈವರಣ್ಣ, ಅದಕ್ಕೆ ಒಂದು ಲೋಟ ಮಜ್ಜಿಗೆ ಕೊಟ್ಟು ನೋಡಿ."

"ನಮಗೆ ಫಸ್ಟ್ ಪೀರಿಯಡ್ ದಿನಾ ಹೋಗ್ತದೆ" ಎಂದು ಕಾಲೇಜಿನ ಹುಡುಗಿಯರು. ಅದು ಸುಳ್ಳಾಗಿರಲಿಲ್ಲ. ಹತ್ತು ನಿಮಿಷ ತಡವೆಂದರೆ ಅವರಿಗೆ ಹಾಜರಿ ಹೋದ ಹಾಗೆ. ಭವಿತಾ ಅವರ ಮುಖ ನೋಡದೆ ಟಿಕೆಟ್ ಹರಿಯುತ್ತಿದ್ದಳು. ದುಗ್ಗಮ್ಮ ಕೂಡ ಬುಟ್ಟಿಯ ಬಸಳೆಗೆ ನೀರು ಚಿಮುಕಿಸಿಕೊಳ್ಳುತ್ತ, "ಬಾಡಿದ್ರೆ ಯಾರು ತಗೊಳ್ತಾರೆ ಇದನ್ನು?" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಆದರೆ ಮೂರು ದಿಂಬು ಎರಡಾಗಿತ್ತು. ಹನ್ನೆರಡನೇ ತಾರೀಕಿಗೆ ಒಂದಾಯಿತು. ಪಾದದ ಎಲುಬುಗಳು ಎಷ್ಟೋ ತಿಂಗಳ ಮೇಲೆ ಕಾಣಿಸಿಕೊಂಡವು. ಅಪೇಕ್ಷಾ ದಿನವೂ ಬೆರಳೊತ್ತಿ ನೋಡಿ, ಗುಂಡಿ ಎಷ್ಟು ಬೇಗ ಮುಚ್ಚುತ್ತದೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳು.

ಹದಿಮೂರನೇ ತಾರೀಕಿನ ಸಂಜೆ ಡಿಪೋದಲ್ಲಿ ಇಮ್ತಿಯಾಝನನ್ನು ಒಳಗೆ ಕರೆದರು. ವಿದ್ಯಾರ್ಥಿನಿಯೊಬ್ಬಳ ತಂದೆ ದೂರು ಕೊಟ್ಟಿದ್ದರು. ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿ ನೋಡಿದ್ದಾನೆ, ಒಂದು ಹನಿ ಸೋರುವುದಿಲ್ಲ. ಹನ್ನೊಂದು ದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಎಂಜಿನ್ ಹೇಗೆ ಬಿಸಿಯಾಯಿತು, ಉತ್ತರ ಬರೆದುಕೊಡಬೇಕು. ನಾಳೆ ಇನ್‌ಸ್ಪೆಕ್ಟರು ಬಸ್ಸಿನಲ್ಲೇ ಬರುತ್ತಾರೆ.

ಅವನು ಇದನ್ನು ಹೇಳುವಾಗ ಬಸ್ಸಿನ ಗಾಜು ಒರೆಸುತ್ತಿದ್ದ.

"ನಾನು ಹೋಗಿ ಹೇಳ್ತೇನೆ ಇಮ್ತಿಯಾಝಣ್ಣ. ನನ್ನಿಂದಾಗಿ ನಿಮಗೆ..."

"ಎಂತ ಹೇಳ್ತೀರಿ? ನನಗೆ ಗೊತ್ತಿರುದು ಎಂಜಿನ್ ವಿಷಯ ಮಾತ್ರ. ಅದು ಬಿಸಿ ಆಗ್ತದೆ." ಬಟ್ಟೆ ಹಿಂಡಿದ. "ನಿಮ್ಮ ಮಂಗಳೂರು ಯಾವತ್ತು?"

ಅವಳು ಬೆಚ್ಚಿಬಿದ್ದಳು. ಮಂಗಳೂರಿನ ವಿಷಯ ಅವಳು ಹೇಳಿರಲಿಲ್ಲ.

"ಫೋನಿನಲ್ಲಿ ಡಾಕ್ಟರ ಹತ್ತಿರ ಅಷ್ಟು ಜೋರಾಗಿ ಮಾತಾಡಿದ್ರೆ ಯಾರಿಗೂ ಕೇಳ್ತದೆ" ಎಂದು ಅವನು ಗಾಜಿನ ಕಡೆ ತಿರುಗಿದ.

"ಹದಿನೆಂಟು" ಎಂದಳು. "ನಾಳೆ ನಿಲ್ಲಿಸ್ಬೇಡಿ. ನಿಮ್ಮ ಮಕ್ಕಳ ಮೇಲೆ ಆಣೆ."

ಮರುದಿನ ಐದೂವರೆಗೆ ಅವಳು ಮಾತ್ರೆ ಹಿಡಿದು ನಿಂತಳು. ಒಂದು ದಿನ ಬಿಟ್ಟರೆ ಏನಾದೀತು? ಹದಿನೇಳು ಸಲವೂ ಹೀಗೆಯೇ ಕೇಳಿಕೊಂಡಿದ್ದಳು. ಇನ್ನು ನಾಲ್ಕೇ ದಿನ. ತಡೆದುಕೊಳ್ಳುತ್ತೇನೆ, ತೊಂಬತ್ತು ನಿಮಿಷ ಹಲ್ಲು ಕಚ್ಚಿ ತಡೆದುಕೊಳ್ಳುತ್ತೇನೆ ಎಂದು ನುಂಗಿದಳು.

ಇನ್‌ಸ್ಪೆಕ್ಟರ್ ಕುಕ್ಕಪ್ಪ ಗೌಡರು ಬೆಳ್ಳಾರೆಯಲ್ಲಿ ಹತ್ತಿದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಕನ್ನಡಕವನ್ನು ಮೂಗಿನ ತುದಿಯಲ್ಲಿ ಇಟ್ಟುಕೊಳ್ಳುವ ಮನುಷ್ಯ. ಎಲ್ಲರ ಟಿಕೆಟ್ ನೋಡಿ, ಲೆಕ್ಕ ಸರಿಯಿದೆ ಎಂದು ತಲೆಯಾಡಿಸಿ, ದುಗ್ಗಮ್ಮನ ಪಕ್ಕದ ಸೀಟಿನಲ್ಲಿ ಪುಸ್ತಕ ತೆರೆದು ಕೂತರು. ಅಷ್ಟು ಹೊತ್ತಿಗಾಗಲೇ ಭವಿತಾಳ ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಎರಡು ಸಲ ಯಾರೋ ಚಿಲ್ಲರೆ ಕೇಳಿದರು, ಅವಳಿಗೆ ಕೇಳಿಸಲಿಲ್ಲ. ಕಣ್ಣು ಮುಚ್ಚಿದರೆ ಸುಹರಾಳ ಬಚ್ಚಲುಮನೆಯ ನೀಲಿ ಬಾಗಿಲು. ಕಣ್ಣು ತೆರೆದರೆ ಕುಕ್ಕಪ್ಪ ಗೌಡರ ಪೆನ್ನು.

ಐವರ್ನಾಡು ಬಂತು, ಹೋಯಿತು. ತಿರುವು ಬಂತು. ಹಸಿರು ಗೇಟಿನೆದುರು ರಸ್ತೆಯ ಬದಿಯಲ್ಲಿ ಸುಹರಾ ತುಂಬಿದ ಕ್ಯಾನ್ ಇಟ್ಟುಕೊಂಡು ನಿಂತಿದ್ದಳು. ಬಸ್ಸು ನಿಧಾನವಾಗಲಿಲ್ಲ. ಇಮ್ತಿಯಾಝ್ ಆಣೆಗೆ ಕಟ್ಟುಬಿದ್ದು ಎದುರು ನೋಡುತ್ತಿದ್ದ, ಸ್ಟಿಯರಿಂಗ್ ಹಿಡಿದ ಅವನ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಸುಹರಾ ಕೈಯೆತ್ತಿದವಳು ಹಾಗೆಯೇ ಹಿಂದೆ ಉಳಿದಳು.

ಭವಿತಾಳ ಬಾಯಿಂದ ಅವಳಿಗೇ ತಿಳಿಯದ ಹಾಗೆ ಸಣ್ಣದೊಂದು ನರಳಾಟ ಹೊರಟಿತು.

"ಹೋಲ್ಡಾನ್! ಹೋಲ್ಡಾನ್!"

ಕೂಗಿದ್ದು ದುಗ್ಗಮ್ಮ. ಸೀಟಿನಿಂದ ಎದ್ದೇ ಬಿಟ್ಟಿದ್ದರು. "ಡ್ರೈವರೇ, ನಿಲ್ಸಿ. ನನಗೆ ಇಳಿಲಿಕ್ಕುಂಟು."

"ಇಲ್ಲಿ ಸ್ಟಾಪ್ ಇಲ್ಲ ಅಜ್ಜಿ" ಎಂದರು ಕುಕ್ಕಪ್ಪ ಗೌಡರು.

"ನಿಮ್ಮ ಬಸ್ಸಿಗೆ ಇಲ್ಲ. ನನಗೆ ಎಪ್ಪತ್ತೆರಡು ವರ್ಷ ಆಯ್ತು, ಬಂದ್ರೆ ತಡೀಲಿಕ್ಕೆ ಆಗುದಿಲ್ಲ. ನಿಮ್ಮ ಸೀಟಿನಲ್ಲೇ ಆದ್ರೆ ಆಮೇಲೆ ನೀವೇ ತೊಳೀಬೇಕು, ಹೇಳಿದ್ದೇನೆ!"

ಬಸ್ಸಿಡೀ ನಕ್ಕಿತು. ಗೌಡರು ಪುಸ್ತಕವನ್ನು ಎತ್ತಿಕೊಂಡು ಸ್ವಲ್ಪ ಸರಿದು ಕೂತರು. ಇಮ್ತಿಯಾಝ್ ಅಷ್ಟರಲ್ಲಿ ಬ್ರೇಕ್ ಒತ್ತಿಯಾಗಿತ್ತು.

"ಕಂಡಕ್ಟ್ರಮ್ಮ, ಕೈ ಹಿಡಿ. ಒಬ್ಬಳೇ ಇಳಿದ್ರೆ ಬೀಳ್ತೇನೆ."

ದಿನವೂ ಬುಟ್ಟಿ ಹೊತ್ತುಕೊಂಡು ಒಬ್ಬರೇ ಹತ್ತಿ ಇಳಿಯುವ ಮುದುಕಿ ಅವಳ ತೋಳು ಹಿಡಿದು, ಹಿಡಿದೇನು, ಎಳೆದುಕೊಂಡೇ ಹಿಂದಕ್ಕೆ ನಡೆದರು. ಗೇಟಿನೊಳಗೆ ಬಂದದ್ದೇ ಕೈ ಬಿಟ್ಟು ಮೆಟ್ಟಿಲ ಮೇಲೆ ಕೂತರು.

"ಓಡು ಮಗಾ. ನನಗೆ ಎಂತದೂ ಇಲ್ಲ."

ನೀಲಿ ಬಾಗಿಲು ಮುಚ್ಚಿಕೊಂಡ ಮೇಲೆ ಭವಿತಾ ಅತ್ತಳು. ಟವೆಲಿಗೆ ಬಾಯಿ ಒತ್ತಿ ಅತ್ತಳು. ಹನ್ನೊಂದು ದಿನ ಒಬ್ಬ ಮನುಷ್ಯ ಅವಳಿಗಾಗಿ ಸುಳ್ಳು ಹೇಳಿದ. ಒಬ್ಬಳು ಗುರುತಿಲ್ಲದವಳು ಚಿಲಕ ಬದಲಿಸಿದಳು. ಈಗ ಒಬ್ಬ ಅಜ್ಜಿ ಐವತ್ತು ಜನರೆದುರು ತನ್ನ ಮಾನ ತಾನೇ ಕಳೆದುಕೊಂಡು ನಗಿಸಿದಳು. ಇನ್ನೆಷ್ಟು ಜನ ಇದನ್ನು ಹೊರಬೇಕು? ಮುಖ ತೊಳೆದುಕೊಂಡಳು.

ಹೊರಗೆ ಬಂದಾಗ ದುಗ್ಗಮ್ಮ ಸುಹರಾ ಕೊಟ್ಟ ಬೆಲ್ಲದ ತುಂಡನ್ನು ಬಾಯಲ್ಲಿ ಇಟ್ಟುಕೊಂಡಿದ್ದರು.

"ನಿಮಗೆ ಹೇಗೆ ಗೊತ್ತಾಯ್ತು ದುಗ್ಗಮ್ಮ?"

"ಕ್ಯಾನ್ ಹಿಡ್ಕೊಂಡು ಹೋಗುವಾಗ ನಿನ್ನ ಮುಖ ಹೇಗೆ, ಬರುವಾಗ ಹೇಗೆ, ಎದುರಿನ ಸೀಟಿನವಳಿಗೆ ಕಾಣುದಿಲ್ಲವಾ?" ಎಂದು ಮುದುಕಿ ಸೊಂಟ ಹಿಡಿದುಕೊಂಡು ಎದ್ದರು.

ಕುಕ್ಕಪ್ಪ ಗೌಡರು ಬಸ್ಸಿನಿಂದಿಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಭವಿತಾ ನೇರ ಅವರೆದುರು ಹೋಗಿ ನಿಂತಳು. ಇಮ್ತಿಯಾಝ್ ಬೇಡವೆಂದು ಕಣ್ಣಿನಲ್ಲೇ ಹೇಳಿದ. ಅವಳು ನೋಡಲಿಲ್ಲ.

"ಸರ್, ಎಂಜಿನ್ ಯಾವತ್ತೂ ಬಿಸಿ ಆಗ್ಲಿಲ್ಲ. ನನಗೆ ಹಾರ್ಟಿನ ತೊಂದರೆ ಉಂಟು. ನೀರಿನ ಮಾತ್ರೆ ತಗೊಳ್ತೇನೆ, ತಡೀಲಿಕ್ಕೆ ಆಗುದಿಲ್ಲ. ನನಗೋಸ್ಕರ ಇವರು ನಿಲ್ಲಿಸಿದ್ದು. ಡ್ರೈವರ್ ಮೇಲೆ ಬರೀಬೇಡಿ, ನನ್ನ ಮೇಲೆ ಬರೀರಿ."

ಗೌಡರು ಕನ್ನಡಕ ತೆಗೆದು ಒರೆಸಿದರು. ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಯಾರೂ ನಗಲಿಲ್ಲ. ಹಾಜರಿ ಹೋಗುತ್ತದೆ ಎನ್ನುತ್ತಿದ್ದ ಹುಡುಗಿಯೊಬ್ಬಳು ತಲೆ ಒಳಗೆ ಎಳೆದುಕೊಂಡಳು.

"ಎಷ್ಟು ತಿಂಗಳಾಯ್ತು?"

"ನಾಲ್ಕು."

"ನಾಲ್ಕು ತಿಂಗಳು ಹೀಗೆ ನಿಂತುಕೊಂಡಾ?" ಎಂದರು. ಮತ್ತೆ ಕನ್ನಡಕ ಹಾಕಿಕೊಂಡರು. "ನನಗೆ ಬರೀದೆ ಆಗುದಿಲ್ಲ ಮಗಳೇ. ಗೊತ್ತಾದ ಮೇಲೆ ನಿಮ್ಮನ್ನು ಲೈನಿನಲ್ಲಿ ಬಿಡ್ಲಿಕ್ಕೂ ಆಗುದಿಲ್ಲ. ದಾರಿಯಲ್ಲಿ ಬಿದ್ರೆ ಯಾರು ಜವಾಬ್ದಾರಿ?"

ನಾಲ್ಕು ತಿಂಗಳು ಅವಳು ಹೆದರಿದ್ದ ಮಾತು ಅದೇ. ಹೀಗೆ ರಸ್ತೆಯ ಬದಿಯಲ್ಲಿ ಅದು ಬಂದೇ ಬಂತು.

ಗೌಡರು ಕೈ ಚಾಚಿದರು. "ಮೆಷಿನ್ ಕೊಡಿ. ಚೀಲವನ್ನೂ ಕೊಡಿ. ಸುಳ್ಯದವರೆಗೆ ಕೂತ್ಕೊಳ್ಳಿ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಭವಿತಾ ತನ್ನ ಬಸ್ಸಿನಲ್ಲಿ ಪ್ರಯಾಣಿಕಳಾಗಿ, ದುಗ್ಗಮ್ಮನ ಪಕ್ಕದಲ್ಲಿ ಕೂತಳು. ಗೌಡರಿಗೆ ಹೊಸ ಮೆಷಿನ್ ಅಭ್ಯಾಸವಿಲ್ಲ. ಸೋಣಂಗೇರಿಯಲ್ಲಿ ಹತ್ತಿದವರಿಗೆ ಮೂರು ಸಲ ತಪ್ಪು ಟಿಕೆಟ್ ಬಂತು. ಕೊನೆಗೆ ಆ ಕಾಲೇಜು ಹುಡುಗಿಯೇ ಎದ್ದು, "ಇಲ್ಲಿ ಒತ್ತಿ ಸರ್" ಎಂದು ತೋರಿಸಿಕೊಟ್ಟಳು.

ಆಮೇಲಿನ ಮೂರು ದಿನ ಭವಿತಾ ಮನೆಯಲ್ಲಿದ್ದಳು. ಲೈನಿನಿಂದ ತೆಗೆದ, ಬಸ್ಸು ಹತ್ತಬಾರದೆಂಬ ಆದೇಶ ಬಂದಿತ್ತು. ಮುಂದೆ ಡಿಪೋದಲ್ಲಿ ಏನಾದರೂ ಕೆಲಸ ಕೊಡುತ್ತಾರೋ, ಕೊಡುವುದಿಲ್ಲವೋ, ಅದನ್ನು ವೈದ್ಯರ ಸರ್ಟಿಫಿಕೇಟು ನೋಡಿ ಹೇಳುತ್ತಾರಂತೆ. ಇಮ್ತಿಯಾಝನಿಗೂ ಮೆಮೊ ತಪ್ಪಲಿಲ್ಲ. ಅವಳು ಎಲ್ಲವನ್ನೂ ಒಪ್ಪಿಕೊಂಡಿದ್ದರೂ, ಅವನು ಬರೆದುಕೊಟ್ಟ ಉತ್ತರ ಒಂದೇ ಸಾಲು: ಎಂಜಿನ್ ಬಿಸಿಯಾಗಿತ್ತು. ಬೆಳಗ್ಗೆ ಆರು ನಲವತ್ತಾಗುವಾಗ ಭವಿತಾಳ ಕೈ ತಾನಾಗಿ ಚೀಲವನ್ನು ಹುಡುಕುತ್ತಿತ್ತು. ಮಾತ್ರೆ ನುಂಗುವುದಕ್ಕೆ ಈಗ ಅಡ್ಡಿಯೇ ಇರಲಿಲ್ಲ. ಹತ್ತು ಹೆಜ್ಜೆಗೆ ಬಚ್ಚಲುಮನೆ. ಆ ಸುಖವನ್ನು ನೆನೆದರೆ ಅಳು ಬರುತ್ತಿತ್ತು.

ಹದಿನೆಂಟರ ಬೆಳಗ್ಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಜಯಪ್ರಕಾಶನೂ ಅಪೇಕ್ಷಾಳೂ ಗಾಜಿನ ಬಾಗಿಲಿನ ಹೊರಗೆ ಉಳಿದರು. ಒಳಗೆ ನರ್ಸ್ ಅವಳನ್ನು ಕಿರಿದಾದ ಮಂಚದ ಮೇಲೆ ಮಲಗಿಸಿ, ತಲೆಯ ಕಡೆಯ ಹಿಡಿಕೆ ತಿರುಗಿಸತೊಡಗಿದಳು.

"ದಿಂಬು ತೆಗೀತೇನೆ ಅಕ್ಕ. ಉಸಿರು ಕಟ್ಟಿದ್ರೆ ಕೈ ಎತ್ತಿ. ನಾವು ನಿಲ್ಲಿಸ್ತೇವೆ."

ಕೈ ಎತ್ತಿದರೆ ಎಲ್ಲ ಮುಗಿಯಿತು. ಮತ್ತೆ ಮೂರು ತಿಂಗಳು, ಇಲ್ಲವೇ ಅದೂ ಇಲ್ಲ. ಮಂಚ ಒಂದೊಂದು ಅಂಗುಲ ಇಳಿಯಿತು. ಮೇಲಿನ ದೀಪ ಎದೆಯ ಮೇಲೆ ಬಂದು ಕೂತ ಹಾಗೆ ಅನಿಸಿತು. ಭವಿತಾ ಕಣ್ಣು ಮುಚ್ಚಿ ಕರೆಂಟು ಕಂಬಗಳನ್ನು ಎಣಿಸಲು ಶುರುಮಾಡಿದಳು. ಬೆಳ್ಳಾರೆ ದಾಟಿತು. ಐವರ್ನಾಡು ದಾಟಿತು. ಎದೆಯಲ್ಲಿ ಎಲ್ಲೋ ಒಂದು ಸಣ್ಣ ಗುಳುಗುಳು, ಅವಳು ಉಸಿರನ್ನು ನಿಧಾನಕ್ಕೆ ಎಳೆದಳು. ಅದು ಒಳಗೆ ಹೋಯಿತು. ಇನ್ನೊಂದು ಎಳೆದಳು. ಹಸಿರು ಗೇಟು ಬಂತು. ಗೇಟಿನ ಎದುರು ತುಂಬಿದ ಕ್ಯಾನ್ ಇತ್ತು.

"ಪೂರ್ತಿ ಚಪ್ಪಟೆ ಆಯ್ತು" ಎಂದಳು ನರ್ಸ್, ಅವಳ ಮುಖದ ಮೇಲೆ ಬಾಗಿ. "ಆಗ್ತದಾ ಅಕ್ಕ?"

ಭವಿತಾಳ ಕೈ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಅದನ್ನು ಅವಳು ಎತ್ತಲಿಲ್ಲ.

"ಆಗ್ತದೆ" ಎಂದಳು.